ಸಡಿಲಾದ ಸ್ಟಡ್ಡು: ಒಂದು ಯಂತ್ರಪಾಠ

ಹೊಗೆನಕಲ್ಲಿನಲ್ಲಿ ಕಾವೇರಿಯು ಬಂಡೆಗಳ ನಡುವೆ ಧುಮುಕುವಾಗ ಏಳುವ ತುಂತುರು ದೂರಕ್ಕೆ ಹೊಗೆಯಂತೆ ತೋರುತ್ತದೆ. ಹೊಗೆಯಾಡುವ ಕಲ್ಲು ಎಂಬ ಅರ್ಥದ ಕನ್ನಡ ಹೆಸರು ಆ ಸ್ಥಳಕ್ಕೆ ಬಂದುದು ಇದರಿಂದಲೇ. ಕಣ್ಣಿಗೆ ಕಾಣುವ ಆ ಹೊಗೆ ಬರಿಯ ನೀರು. ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಅಲ್ಲಿಂದ ಪೆನ್ನಾಗರಕ್ಕೆ ಘಟ್ಟವೇರುವ ಮೋಟಾರುಗಳ ಎಂಜಿನ್ನಿನಲ್ಲಿ ಕಣ್ಣಿಗೆ ಕಾಣದ ವಿಷದ ಹೊಗೆಯೊಂದು ಹುಟ್ಟುತ್ತದೆ. ಅದನ್ನು ಅಂಕೆಯಲ್ಲಿಡುವ ಬೆರಳುದ್ದದ ಉಕ್ಕಿನ ಕಡ್ಡಿಗಳನ್ನು ಕುರಿತು ಈ ಪಾಠ.

ಎಂಜಿನ್ನಿನ ಸಿಲಿಂಡರುಗಳಲ್ಲಿ ಉರಿದ ಅನಿಲವು ಮೊದಲು ಒಂದು ಕವಲುಕೊಳವೆಗೆ ಬರುತ್ತದೆ. ಇದಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂದು ಹೆಸರು. ಇದನ್ನು ಸಿಲಿಂಡರ್ ಹೆಡ್ಡಿಗೆ ಜೋಡಿಸುವುದು ಎರಡು ತುದಿಗಳಲ್ಲಿಯೂ ಮರೆಯುಳ್ಳ ಕಡ್ಡಿಗಳು, ಅಂದರೆ ಸ್ಟಡ್ಡುಗಳು. ಒಂದು ತುದಿ ಹೆಡ್ಡಿನೊಳಗೆ. ಇನ್ನೊಂದು ತುದಿಗೆ ನಟ್ಟು. ನಡುವೆ ಅನಿಲ ಸೋರದಂತೆ ಗ್ಯಾಸ್ಕೆಟ್ಟು.

ಇಷ್ಟು ಬಿಗಿದುದು ಸಡಿಲವಾಗುವುದೇಕೆ? ಕಾಯ್ದ ಲೋಹ ಹಿಗ್ಗುತ್ತದೆಂಬುದನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತಿರುವರು. 50 ಸೆಂಟಿಮೀಟರ್ ಉದ್ದದ ಎರಕದ ಕಬ್ಬಿಣದ ಶಾಖ 400 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಅದು ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಘಟ್ಟವೇರುವ ಎಂಜಿನ್ನಿನ ಮ್ಯಾನಿಫೋಲ್ಡ್ ಅಷ್ಟು ಕಾಯುವುದುಂಟು. ನೀರಿನಿಂದ ತಂಪಾಗುವ ಹೆಡ್ಡಾದರೋ ಅಷ್ಟು ಹಿಗ್ಗುವುದಿಲ್ಲ. ಒಂದು ಹಿಗ್ಗಿ ಇನ್ನೊಂದು ಹಿಗ್ಗದಿದ್ದರೆ ನಡುವಣ ಸ್ಟಡ್ಡು ಬಾಗಲೇಬೇಕು. ಎಂಜಿನ್ ಆರಿದಾಗ ಮರಳಿ ನೆಟ್ಟಗಾಗಬೇಕು. ದಿನದಿನವೂ ಹೀಗಾಗಿ, ಎಂಜಿನ್ನಿನ ನಡುಕವೂ ಸೇರಿ, ನಟ್ಟು ಸಡಿಲುತ್ತದೆ ಅಥವಾ ಸ್ಟಡ್ಡು ಮುರಿಯುತ್ತದೆ. ಸರಿದಾಟ ತುದಿಗಳಲ್ಲಿ ಹೆಚ್ಚಾದುದರಿಂದ ತುದಿಯ ಸ್ಟಡ್ಡುಗಳೇ ಮೊದಲು ಕೆಡುವುದು ವಾಡಿಕೆ.

ಇದರ ಗುರುತುಗಳು ಸ್ಪಷ್ಟ. ಬೆಳಿಗ್ಗೆ ಎಂಜಿನ್ ಹೊರಟೊಡನೆ ಟಿಕ್ ಟಿಕ್ ಸದ್ದು ಕೇಳುತ್ತದೆ. ಕಾಯ್ದು ಸಂದು ಮುಚ್ಚಿದಂತೆ ಸದ್ದು ಕುಗ್ಗುತ್ತದೆ. ಸೋರಿದೆಡೆಯಲ್ಲಿ ಕಪ್ಪು ಮಸಿ ಕೂತಿರುತ್ತದೆ. ಸದ್ದು ಕುಗ್ಗಿತೆಂದು ಸುಮ್ಮನಿರಲಾಗದು. ಸೋರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಗಾಡಿಯೊಳಗೆ ಅದು ನುಗ್ಗಿದರೆ ಕುಳಿತವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮುಂದೆ ಪ್ರಾಣಾಪಾಯ. ಮಕ್ಕಳಿಗೆ ಹೀಗಾದಾಗ ಘಟ್ಟದ ತಿರುವುಗಳಿಂದಾಯಿತೆಂದು ಹಿರಿಯರು ತಿಳಿಯಬಹುದು. ಎಲ್ಲರಿಗೂ ಒಮ್ಮೆಗೇ ಹೀಗಾದರೆ ತಡಮಾಡದೆ ಗಾಡಿ ನಿಲ್ಲಿಸಿ ಬಯಲಿಗೆ ಇಳಿಯತಕ್ಕದ್ದು; ವೈದ್ಯರನ್ನು ಕಾಣತಕ್ಕದ್ದು.

ದುರಸ್ತಿಯ ಕ್ರಮವಿದು. ಎಂಜಿನ್ ಪೂರ್ಣವಾಗಿ ಆರಿರಬೇಕು. ನಟ್ಟು ಬರಿದೆ ಸಡಿಲಾಗಿದ್ದು ಮರೆ ಚೆನ್ನಾಗಿದ್ದರೆ ಬಿಗಿದರೆ ಸಾಕು. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು, ಬಲಪ್ರಯೋಗ ಕೂಡದು. ಸ್ಟಡ್ಡನ್ನೇ ಬದಲಿಸಬೇಕಾದರೆ ಮ್ಯಾನಿಫೋಲ್ಡನ್ನು ಕಳಚಿ, ಸ್ಟಡ್ಡಿನ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಒತ್ತಿ ಬಿಗಿದು, ಹೆಡ್ಡಿನ ಕಡೆಯ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಸ್ಟಡ್ಡು ಹೊರಬರುತ್ತದೆ. ಒಳಗೇ ಮುರಿದುದನ್ನು ನುರಿತ ಮೆಕ್ಯಾನಿಕ್ಕನೇ ತೆಗೆಯಬೇಕು. ಅಲ್ಯೂಮಿನಿಯಂ ಹೆಡ್ಡಿನ ಮರೆ ಬಹು ಮೆತು. ಮರೆ ಸವೆದಿದ್ದರೆ ಅದರೊಳಗೆ ಉಕ್ಕಿನ ಸುರುಳಿ ಕೂರಿಸುವ ಉಪಾಯವುಂಟು. ಜೋಡಿಸುವ ಮುನ್ನ ಮ್ಯಾನಿಫೋಲ್ಡಿನ ಮುಖಕ್ಕೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ಸೊಟ್ಟಗಿದೆಯೇ ನೋಡಬೇಕು. ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಬಳಸಬಾರದು. ನಟ್ಟುಗಳನ್ನು ನಡುವಿನಿಂದ ತುದಿಗಳೆಡೆಗೆ, ಎರಡು ಮೂರು ಸುತ್ತಿನಲ್ಲಿ, ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟೇ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಅತಿಯಾಗಿ ಬಿಗಿದ ಸ್ಟಡ್ಡು ಮುರಿಯಬಹುದು. ಮುಚ್ಚಿದ ಷೆಡ್ಡಿನೊಳಗೆ ಎಂಜಿನ್ ಓಡಿಸಿ ಪರೀಕ್ಷಿಸುವುದು ಎಂದಿಗೂ ಸಲ್ಲದು.

ನಮ್ಮ ಪಾಲಕರಲ್ಲಿ ಬಾಡಿಗೆ ಮೋಟಾರಿನಿಂದಲೇ ಜೀವನ ಸಾಗಿಸುವವರಿದ್ದಾರೆ. ಒಂದು ದಿನದ ಬಾಡಿಗೆ ತಪ್ಪೀತೆಂದು ಅವರು ದುರಸ್ತಿಯನ್ನು ಮುಂದೂಡಬಾರದೆಂದು ಬೇಡುತ್ತೇವೆ. ಬಾಡಿಗೆಯನ್ನು ನಾಳೆ ಗಳಿಸಬಹುದು. ವಿದ್ಯಾರ್ಥಿಗಳಾದರೋ ಪುಸ್ತಕದಲ್ಲಿ ಓದಿದ ಉಷ್ಣದ ಪಾಠವನ್ನು ಮನೆಯವರಿಗೆ ತಿಳಿಯಹೇಳಲಿ. ಕಲಿತ ವಿದ್ಯೆ ಮನೆಮಂದಿಯ ಉಸಿರನ್ನು ಕಾಯುವುದಾದರೆ ಅದಕ್ಕಿಂತ ದೊಡ್ಡ ಪರೀಕ್ಷಾಫಲ ಬೇರಿಲ್ಲ.