ಅತಿಅಗಲದ ಮಾನಿಟರು: ಪಾಠಕ್ಕೆಷ್ಟು, ಆಟಕ್ಕೆಷ್ಟು?

ಶ್ರೀರಂಗಪಟ್ಟಣದ ದರಿಯಾ ದೌಲತ್ ಮಹಲನ್ನು ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದನು. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ದೊಡ್ಡ ವರ್ಣಚಿತ್ರವೊಂದಿದೆ. ಅದರ ಸಮೀಪದಲ್ಲಿ ನಿಂತರೆ ಸವಾರರ ಮೀಸೆಗಳೂ ಕಾಣುತ್ತವೆ. ಆದರೆ ಸೈನ್ಯದ ಎರಡು ಅಂಚುಗಳು ಒಟ್ಟಿಗೆ ದೃಷ್ಟಿಗೆ ಸಿಕ್ಕುವುದಿಲ್ಲ. ಹಿಂದಕ್ಕೆ ಸರಿದರೆ ಕದನವೆಲ್ಲ ಕಾಣುತ್ತದೆ, ಮೀಸೆಗಳು ಮರೆಯಾಗುತ್ತವೆ. ಅಗಲವಾದ ಚಿತ್ರವನ್ನು ನೋಡುವವನು ಅಗಲ, ದೂರ, ಸೂಕ್ಷ್ಮತೆ ಎಂಬ ಮೂರನ್ನೂ ಹೊಂದಿಸಿಕೊಳ್ಳಲೇಬೇಕು. ಗಣಕಯಂತ್ರಕ್ಕೆ ಜೋಡಿಸುವ ಅತಿಅಗಲದ ಮಾನಿಟರಿಗೂ ಇದೇ ನಿಯಮ.

ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ, ಕಬ್ಬಿನ ಹಣ ಕೈಸೇರಿದ ಮೇಲೆ ಮಕ್ಕಳಿಗೆ ಗಣಕಯಂತ್ರವನ್ನು ಕೊಡಿಸುವ ಮನೆಗಳಲ್ಲಿ, ಪಾಠಕ್ಕೊಂದು ಆಟಕ್ಕೊಂದು ಎಂದು ಎರಡು ಮಾನಿಟರುಗಳನ್ನು ಕೊಳ್ಳುವುದು ಸುಲಭವಲ್ಲ. ಎರಡಕ್ಕೂ ಒಂದೇ ಸಾಕಾಗಬೇಕು. ಅದೂ ಹಲವು ವರ್ಷ ಬಾಳಬೇಕು. ಆದುದರಿಂದ ಜಾಹೀರಾತಿನ ಮಾತನ್ನು ಬದಿಗಿಟ್ಟು, ಪ್ರೌಢಶಾಲೆಯ ರೇಖಾಗಣಿತದಿಂದಲೇ ಈ ಆಯ್ಕೆಯನ್ನು ಪರೀಕ್ಷಿಸಿ ನೋಡೋಣ.

ಅಂಗುಲವು ಹೇಳದ ಸಂಗತಿ

ಮಾನಿಟರಿನ ಅಳತೆಯೆಂದು ಅಂಗಡಿಯಲ್ಲಿ ಹೇಳುವ ಸಂಖ್ಯೆಯು ತೆರೆಯ ಕರ್ಣದ ಉದ್ದ. ಅಗಲವೂ ಅಲ್ಲ, ವಿಸ್ತೀರ್ಣವೂ ಅಲ್ಲ. ಸಾಮಾನ್ಯ ಮಾನಿಟರಿನ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ 16:9. ಅತಿಅಗಲದ ಮಾನಿಟರಿನಲ್ಲಿ ಇದು ಸುಮಾರು 21:9. ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ, 34 ಅಂಗುಲದ ಅತಿಅಗಲದ ತೆರೆಯು ಸುಮಾರು 80 ಸೆಂಟಿಮೀಟರ್ ಅಗಲವೂ 33 ಸೆಂಟಿಮೀಟರ್ ಎತ್ತರವೂ ಉಳ್ಳದ್ದೆಂದು ತಿಳಿಯುತ್ತದೆ. 27 ಅಂಗುಲದ ಸಾಮಾನ್ಯ ತೆರೆಯ ಎತ್ತರವೂ ಹೆಚ್ಚುಕಡಮೆ ಅಷ್ಟೇ. ಅಗಲ ಮಾತ್ರ 60 ಸೆಂಟಿಮೀಟರ್. ಇನ್ನೊಂದು ಸ್ವಾರಸ್ಯವೆಂದರೆ, 34 ಅಂಗುಲದ ಅತಿಅಗಲದ ತೆರೆಯ ವಿಸ್ತೀರ್ಣವು 32 ಅಂಗುಲದ ಸಾಮಾನ್ಯ ತೆರೆಯ ವಿಸ್ತೀರ್ಣಕ್ಕಿಂತ ಕಡಮೆ! ವಾಚಕರು ಲೆಕ್ಕ ಹಾಕಿ ನೋಡಬಹುದು.

ಕಣ್ಣು ಮತ್ತು ಬಿಂದು

ತೆರೆಯ ಮೇಲಿನ ಚಿತ್ರವು ಪಿಕ್ಸೆಲುಗಳೆಂಬ ಬಿಂದುಗಳಿಂದಾದುದು. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಕೋನಾಂತರದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. 80 ಸೆಂಟಿಮೀಟರ್ ದೂರದಲ್ಲಿ ಈ ಕೋನಕ್ಕೆ ಸಮನಾದ ಅಂತರ 0.23 ಮಿಲಿಮೀಟರ್. ಅಡ್ಡಲಾಗಿ 3440, ಉದ್ದಕ್ಕೆ 1440 ಬಿಂದುಗಳುಳ್ಳ 34 ಅಂಗುಲದ ತೆರೆಯಲ್ಲಿ ಬಿಂದುಗಳ ಅಂತರವೂ ಅಷ್ಟೇ. ಆ ದೂರದಲ್ಲಿ ಕುಳಿತವನಿಗೆ ಅಕ್ಷರಗಳು ನುಣುಪಾಗಿ ಕಾಣುತ್ತವೆ. ಅದೇ ಅಳತೆಯ ತೆರೆಯಲ್ಲಿ 2560ಕ್ಕೆ 1080 ಬಿಂದುಗಳಷ್ಟೇ ಇದ್ದರೆ ಅಂತರವು 0.31 ಮಿಲಿಮೀಟರ್ ಆಗುತ್ತದೆ. ಅದೇ ನುಣುಪಿಗಾಗಿ ಒಂದು ಮೀಟರಿಗಿಂತಲೂ ಹೆಚ್ಚು ದೂರ ಕುಳಿತುಕೊಳ್ಳಬೇಕಾಗುತ್ತದೆ. ಕನ್ನಡದ ಒತ್ತಕ್ಷರಗಳನ್ನು ಗಂಟೆಗಟ್ಟಲೆ ಓದುವವರಿಗೆ ಈ ವ್ಯತ್ಯಾಸವು ಅಲ್ಪವಲ್ಲ.

ತೆರೆಯನ್ನೇಕೆ ಬಾಗಿಸುವರು?

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಇಂಗ್ಲಿಷರ ವಶವಾಯಿತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಚಿತ್ರಕಾರನು ಆ ಮುತ್ತಿಗೆಯ ದೃಶ್ಯವನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು, ಲಂಡನ್ನಿನ ಲೈಸಿಯಂನಲ್ಲಿ ಅರ್ಧವೃತ್ತಾಕಾರವಾಗಿ ನಿಲ್ಲಿಸಿ ಪ್ರದರ್ಶಿಸಿದನು. ವೃತ್ತದ ಕೇಂದ್ರದಿಂದ ಪರಿಧಿಯ ಎಲ್ಲ ಬಿಂದುಗಳೂ ಸಮದೂರದಲ್ಲಿರುವುದರಿಂದ, ನಡುವೆ ನಿಂತವನಿಗೆ ಚಿತ್ರದ ಯಾವ ಭಾಗವೂ ದೂರವಾಗುವುದಿಲ್ಲ.

ಬಾಗಿದ ಮಾನಿಟರಿನ ತತ್ತ್ವವೂ ಇದೇ. 34 ಅಂಗುಲದ ಚಪ್ಪಟೆ ತೆರೆಯ ಮುಂದೆ 80 ಸೆಂಟಿಮೀಟರ್ ದೂರದಲ್ಲಿ ಕುಳಿತರೆ, ತೆರೆಯ ಅಂಚು ಮಧ್ಯಭಾಗಕ್ಕಿಂತ ಸುಮಾರು 9 ಸೆಂಟಿಮೀಟರ್ ಹೆಚ್ಚು ದೂರದಲ್ಲಿರುತ್ತದೆ. 1500ಆರ್ ಎಂಬ ಗುರುತುಳ್ಳ ತೆರೆಯು 1500 ಮಿಲಿಮೀಟರ್ ತ್ರಿಜ್ಯದ ವೃತ್ತದ ಒಂದು ಕಂಸ. ಅದರಲ್ಲಿ ಈ ವ್ಯತ್ಯಾಸವು ಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ನಕ್ಷೆ, ಯಂತ್ರಚಿತ್ರಗಳನ್ನು ರಚಿಸುವವರ ಕಣ್ಣಿಗೆ ನೇರವಾದ ಗೆರೆಯೂ ತುಸು ಬಾಗಿದಂತೆ ತೋರಬಹುದು. ಅಂಥವರಿಗೆ ಚಪ್ಪಟೆ ತೆರೆಯೇ ಲೇಸು.

ಪಾಠ ಮತ್ತು ಆಟ

ಪಾಠದ ದೃಷ್ಟಿಯಿಂದ ಅಗಲವು ದೊಡ್ಡ ಅನುಕೂಲ. ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಎತ್ತರ 29.7. ನಮ್ಮ 34 ಅಂಗುಲದ ತೆರೆಯಲ್ಲಿ ಅಂಥ ಮೂರು ಹಾಳೆಗಳನ್ನು ಪೂರ್ಣ ಗಾತ್ರದಲ್ಲಿ ಒತ್ತಟ್ಟಿಗಿಡಬಹುದು: ಒಂದರಲ್ಲಿ ಪಠ್ಯ, ಒಂದರಲ್ಲಿ ಲೆಕ್ಕ, ಒಂದರಲ್ಲಿ ಟಿಪ್ಪಣಿ.

ಆಟದಲ್ಲಿ ಇದೇ ಅಗಲಕ್ಕೆ ಬೆಲೆ ತೆರಬೇಕಾಗುತ್ತದೆ. 3440ನ್ನು 1440ರಿಂದ ಗುಣಿಸಿದರೆ ಸುಮಾರು 49.5 ಲಕ್ಷ ಬಿಂದುಗಳಾಗುತ್ತವೆ. 2560ನ್ನು ಗುಣಿಸಿದರೆ 36.9 ಲಕ್ಷ. ಅಂದರೆ ಚಿತ್ರವನ್ನು ರಚಿಸುವ ಗ್ರಾಫಿಕ್ಸ್ ಕಾರ್ಡಿಗೆ ಮೂರನೆಯ ಒಂದು ಪಾಲು ಹೆಚ್ಚು ಶ್ರಮ. ಸಾಮಾನ್ಯ ತೆರೆಗೆ ಸೆಕೆಂಡಿಗೆ 80 ಚಿತ್ರಗಳನ್ನು ಒದಗಿಸುತ್ತಿದ್ದ ಕಾರ್ಡು ಇಲ್ಲಿ ಸುಮಾರು 60ನ್ನು ಒದಗಿಸೀತು. ಮಾನಿಟರಿನ ಮೇಲೆ 144 ಹರ್ಟ್ಸ್ ಎಂದು ಬರೆದಿರುವುದು ತೆರೆಯ ಸಾಮರ್ಥ್ಯ, ಕಾರ್ಡಿನದಲ್ಲ. ಕಾರ್ಡು ದುರ್ಬಲವಾಗಿದ್ದರೆ ಆ ಸಂಖ್ಯೆಗೆ ಕೊಟ್ಟ ಹಣದ ಬಹುಭಾಗ ವ್ಯರ್ಥ. ಮೇಲಾಗಿ, 21:9 ಪ್ರಮಾಣಕ್ಕೆ ಹೊಂದದ ಆಟಗಳಲ್ಲಿ ಎಡಬಲಗಳಲ್ಲಿ ಸುಮಾರು 10 ಸೆಂಟಿಮೀಟರಿನ ಕಪ್ಪು ಪಟ್ಟಿಗಳು ಉಳಿಯುತ್ತವೆ.

ತೆರೆಯ ಜಾತಿಯನ್ನೂ ಗಮನಿಸಬೇಕು. ಐಪಿಎಸ್ ತೆರೆಯಲ್ಲಿ ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ. ವಿಎ ತೆರೆಯಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಕತ್ತಲೆಯ ದೃಶ್ಯಗಳಲ್ಲಿ ಚಲಿಸುವ ವಸ್ತುವಿನ ಹಿಂದೆ ಮಸುಕು ಉಳಿಯಬಹುದು. ಓಎಲ್‌ಇಡಿ ತೆರೆ ಆಟಕ್ಕೆ ಉತ್ತಮ. ಆದರೆ ದಿನವಿಡೀ ಕದಲದೆ ನಿಲ್ಲುವ ಬರೆಹ, ಗೆರೆಗಳ ಕಲೆ ಅದರಲ್ಲಿ ಕಾಲಕ್ರಮದಲ್ಲಿ ಅಚ್ಚೊತ್ತಿ ನಿಲ್ಲುವ ಭಯವುಂಟು.

ಕೊಳ್ಳುವ ಮುನ್ನ ಒಂದು ಪ್ರಯೋಗ

ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ 80 ಸೆಂಟಿಮೀಟರ್ ಅಗಲ, 33 ಸೆಂಟಿಮೀಟರ್ ಎತ್ತರದ ಹಾಳೆಯನ್ನು ಮಾಡಿಕೊಂಡು, ಮೇಜಿನ ಮೇಲೆ ಮಾನಿಟರು ನಿಲ್ಲುವ ಜಾಗದಲ್ಲಿ ನಿಲ್ಲಿಸಿರಿ. ಮಾನಿಟರಿನ ಪಾದಕ್ಕೂ ಸ್ಥಳ ಬೇಕೆಂಬುದನ್ನು ಮರೆಯಬಾರದು. ಎಂದಿನಂತೆ ಕುಳಿತು, ಕಣ್ಣಿನಿಂದ ಹಾಳೆಗೆ ಇರುವ ದೂರವನ್ನು ಅಳೆಯಿರಿ. 80 ಸೆಂಟಿಮೀಟರ್ ದೊರೆತರೆ ಹಾಳೆಯು ಕಣ್ಣಿನಲ್ಲಿ ಸುಮಾರು 53 ಡಿಗ್ರಿ ಕೋನವನ್ನು ಉಂಟುಮಾಡುತ್ತದೆ. ಮುಖ್ಯ ಕೆಲಸವನ್ನು ನಡುವೆ ಇಟ್ಟುಕೊಂಡರೆ ಕತ್ತಿಗೆ ಆಯಾಸವಿಲ್ಲ. 55 ಸೆಂಟಿಮೀಟರ್ ಮಾತ್ರ ದೊರೆತರೆ ಕೋನವು 72 ಡಿಗ್ರಿಗೆ ಏರುತ್ತದೆ. ಅಂಚನ್ನು ಓದಲು ಪದೇ ಪದೇ ತಲೆ ತಿರುಗಿಸಬೇಕಾಗುತ್ತದೆ. ಅಂಥ ಮೇಜಿಗೆ 27 ಅಂಗುಲದ ಸಾಮಾನ್ಯ ತೆರೆಯೇ ಯೋಗ್ಯ. ಅದರ ಕೋನ 57 ಡಿಗ್ರಿ, ಕಾರ್ಡಿನ ಮೇಲಿನ ಹೊರೆಯೂ ಕಡಮೆ.

ಹೀಗೆ ಆಯ್ಕೆಯ ಕ್ರಮವು ಸ್ಪಷ್ಟವಾಯಿತು: ಮೊದಲು ಮೇಜು, ಆಮೇಲೆ ಬಿಂದುಗಳ ಅಂತರ, ಅನಂತರ ಕಾರ್ಡಿನ ಶಕ್ತಿ, ಎಲ್ಲಕ್ಕೂ ಕೊನೆಯಲ್ಲಿ ಅಂಗುಲ. ಅಳತೆಪಟ್ಟಿಯನ್ನು ಹಿಡಿದು ಮನೆಯಲ್ಲಿ ಕಳೆದ ಅರ್ಧ ಗಂಟೆಯು ಅಂಗಡಿಯಲ್ಲಿ ಸಾವಿರಾರು ರೂಪಾಯಿಗಳನ್ನು ಉಳಿಸಬಲ್ಲದು.