ಕೇಬಲ್ ಕೀಳಿಸುವ ಮುನ್ನ

ಕೇಬಲ್ ಬಿಡಬೇಕೆಂದು ಪೀಣ್ಯ ಎರಡನೇ ಹಂತದಿಂದ ಬರೆದ ಸಹೋದರರೇ,

ಮೊದಲಿಗೆ, ಮನೆಮಾಲೀಕರ ತಾರಸಿಯ ಮೇಲಿರುವ ಹಳೇ ಅಲ್ಯೂಮಿನಿಯಂ ಆಂಟೆನಾದ ಆಸೆ ಬಿಡಿ. ದೂರದರ್ಶನ ಅನಲಾಗ್ ಭೂಪ್ರಸಾರವನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿದೆ. ಅದೀಗ ಕಾಗೆ ಕೂರಲು ಮಾತ್ರ ಲಾಯಕ್ಕು. ಅದರ ಜಾಗಕ್ಕೆ 2004ರಲ್ಲಿ ಶುರುವಾದ ಡಿಡಿ ಫ್ರೀ ಡಿಶ್ ಇದೆ. ಡಿಶ್ಶಿಗೂ ಬಾಕ್ಸಿಗೂ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಶುಲ್ಕ ಇಲ್ಲ. ಡಿಶ್ ಆಗ್ನೇಯಕ್ಕೆ ಮುಖ ಮಾಡಬೇಕು. ಆ ಕಡೆ ಪಕ್ಕದ ಫ್ಯಾಕ್ಟರಿಯ ಗೋಡೆ ಅಡ್ಡ ಬರುತ್ತದೆಯೇ ನೋಡಿಕೊಳ್ಳಿ. ಚಂದನ ಸಿಗುತ್ತದೆ. ನಿಮ್ಮ ತಾಯಿ ಕಾದು ಕೂರುವ ಪೇ ಚಾನೆಲ್‌ಗಳು ಸಿಗುವುದಿಲ್ಲ.

ತೊಡಕಿರುವುದೇ ಅಲ್ಲಿ. ಅವನ್ನು ಇಂಟರ್ನೆಟ್‌ನಲ್ಲಿ ನೋಡಲು ಒಂದೊಂದಕ್ಕೂ ಬೇರೆ ಆ್ಯಪ್ ಬೇಕು: ಜೀ ಕನ್ನಡಕ್ಕೆ ಜೀ5, ಕಲರ್ಸ್ ಕನ್ನಡಕ್ಕೆ ಜಿಯೋಹಾಟ್‌ಸ್ಟಾರ್, ಉದಯಕ್ಕೆ ಸನ್ ನೆಕ್ಸ್ಟ್. ಮೂರರ ಚಂದಾಕ್ಕೆ ಬ್ರಾಡ್‌ಬ್ಯಾಂಡ್ ಬಿಲ್ಲನ್ನೂ ಕೂಡಿಸಿದರೆ ಈಗ ಕೇಬಲ್‌ಗೆ ಕಟ್ಟುತ್ತಿರುವ 350 ರೂಪಾಯಿಯೇ ವಾಸಿ ಎನಿಸೀತು. ಮನೆಯಲ್ಲಿ ಈಗಾಗಲೇ ವೈಫೈ ಇದ್ದರೆ ಮಾತ್ರ ಈ ಆ್ಯಪ್‌ಗಳನ್ನು ಟಿವಿಯಲ್ಲಿ ತೋರಿಸುವ ಫೈರ್ ಸ್ಟಿಕ್ ಗಿಟ್ಟುತ್ತದೆ. ಆಗಲೂ ರೌಟರಿಗೊಂದು ಪುಟ್ಟ ಯುಪಿಎಸ್ ಬೇಕು. ಕರೆಂಟು ಹೋಗಿಬಂದು ರೌಟರ್ ಚೇತರಿಸಿಕೊಳ್ಳುವಷ್ಟರಲ್ಲಿ ಧಾರಾವಾಹಿಯ ಅತ್ತೆ-ಸೊಸೆ ಜಗಳವೇ ಮುಗಿದಿರುತ್ತದೆ.

ನನ್ನನ್ನು ಕೇಳಿದರೆ, ಮೊದಲು ಕೇಬಲ್‌ನವರ ಹತ್ತಿರ ಪ್ಯಾಕೇಜ್ ತೆಗೆಸಿ, ಅಮ್ಮ ನೋಡುವ ಚಾನೆಲ್‌ಗಳನ್ನಷ್ಟೇ ಬಿಡಿಬಿಡಿಯಾಗಿ ಹಾಕಿಸಿ. ಟ್ರಾಯ್ ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ‘ಹಾಗೆಲ್ಲ ಬರಲ್ಲ ಸಾರ್’ ಅಂದರೆ ಒಪ್ಪಬೇಡಿ. ಸ್ಟಿಕ್ ತಂದರೂ ಒಂದು ತಿಂಗಳು ಎರಡೂ ಇರಲಿ. ಅಮ್ಮನ ಕೈಗೆ ಹೊಸ ರಿಮೋಟ್ ಒಗ್ಗಿದ ಮೇಲೆ ಕೇಬಲ್ ಬಾಕ್ಸ್ ವಾಪಸ್ ಕೊಟ್ಟು ರಸೀದಿ ತೆಗೆದುಕೊಳ್ಳಿ; ಠೇವಣಿ ಕೊಟ್ಟಿದ್ದರೆ ಅದನ್ನೂ ಕೇಳಿ.