ನಾಲ್ಕು ತಾಲ್ಲೂಕಿನ ತಖ್ತೆ: ಮಾಡಬೇಕಾದ್ದು, ಮಾಡಬಾರದ್ದು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ಪಾಂಡವಪುರ ಉಪವಿಭಾಗದ ತಾಲ್ಲೂಕುಗಳು. ಉಪವಿಭಾಗದ ವರದಿ ಎಂದರೆ ಒಂದೇ ನಮೂನೆಯ ತಖ್ತೆ ನಾಲ್ಕು ಸಲ. ಒಂದನ್ನು ಮಾಡಿ ಮೂರು ಸಲ ಕಾಪಿ ಹೊಡೆಯುವುದು ತಪ್ಪಲ್ಲ. ಕಾಪಿಗೆ ಕಂಪ್ಯೂಟರ್ ತಾನೇ ಇಟ್ಟ ಹೆಸರನ್ನು ಹಾಗೇ ಬಿಡುವುದು ತಪ್ಪು.

ಮಾಡಬೇಕಾದ್ದು

ಲಿಬ್ರೆಆಫೀಸ್ ರೈಟರ್ ಒಂದೇ ಕಡತದ ಎರಡು ತಖ್ತೆಗೆ ಒಂದೇ ಹೆಸರು ಇರಗೊಡುವುದಿಲ್ಲ. ಮೊದಲನೆಯದು ‘ಟೇಬಲ್1’ ಆಗಿದ್ದರೆ ಕಾಪಿಗೆ ಬೇರೆ ಸಂಖ್ಯೆ ಬೀಳುತ್ತದೆ. ಆ ಸಂಖ್ಯೆಗೂ ಪುಟದ ಕ್ರಮಕ್ಕೂ ಸಂಬಂಧವಿಲ್ಲ. ಅಂಟಿಸಿದ ತಕ್ಷಣ, ಅಂಕಿ ತುಂಬುವ ಮೊದಲೇ, ಟೇಬಲ್ ಪ್ರಾಪರ್ಟೀಸ್ ತೆರೆದು ತಾಲ್ಲೂಕಿನ ಹೆಸರಿಡಿ. ಎಫ್5 ಒತ್ತಿ, ನ್ಯಾವಿಗೇಟರ್‌ನಲ್ಲಿ ನಾಲ್ಕೂ ಹೆಸರು ಕಾಣುತ್ತವೆಯೇ ನೋಡಿ. ಕ್ರೋಡೀಕೃತ ತಖ್ತೆಯ ಸೂತ್ರ ಬರೆಯುವುದು ಆಮೇಲೆ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಇಂಥ ಹೆಸರು ಕಾಣುವುದಿಲ್ಲ, ಶೀರ್ಷಿಕೆಯ ಸಂಖ್ಯೆಯೇ ಗುರುತು. ಅದನ್ನು ಇನ್ಸರ್ಟ್ ಕ್ಯಾಪ್ಷನ್‌ನಿಂದಲೇ ಹಾಕಿ. ಕಾಪಿಯಲ್ಲಿ ಹಳೆಯ ಸಂಖ್ಯೆ ಉಳಿದಿರುತ್ತದೆ. ಕಂಟ್ರೋಲ್-ಎ, ಎಫ್9 ಒತ್ತಿದರೆ ಸರಿಹೋಗುತ್ತದೆ. ಮೊತ್ತದ ಸಾಲಿಗೂ ಇದೇ ಮದ್ದು. ಮೇಲಿನ ಅಂಕಿ ಬದಲಾಯಿಸಿದ ಮಾತ್ರಕ್ಕೆ ವರ್ಡ್ ಮೊತ್ತವನ್ನು ತಿದ್ದುವುದಿಲ್ಲ: ಹೋಬಳಿಗಳೆಲ್ಲ ನಾಗಮಂಗಲದವು, ಕೊನೆಯ ಸಾಲು ಮಾತ್ರ ಶ್ರೀರಂಗಪಟ್ಟಣದ್ದು. ಕಣ್ಣಿಗೆ ಬೀಳದ ತಪ್ಪು ಇದು, ಅದಕ್ಕೇ ಎಲ್ಲಕ್ಕಿಂತ ಕೆಟ್ಟದ್ದು.

ಬುಕ್‌ಮಾರ್ಕ್ ಹಾಕಿದ್ದರೆ ಕಾಪಿಗೆ ಹೊಸದಾಗಿ ಹಾಕಿ. ವರ್ಡ್‌ನಲ್ಲಿ ಅದೇ ಕಡತದೊಳಗೆ ಕಾಪಿ ಮಾಡಿದಾಗ ಬುಕ್‌ಮಾರ್ಕ್ ಮೂಲದಲ್ಲೇ ಉಳಿಯುತ್ತದೆ.

ಮಾಡಬಾರದ್ದು

ರೈಟರ್‌ನಲ್ಲಿ ತಖ್ತೆಯ ಹೆಸರಿನೊಳಗೆ ಚುಕ್ಕಿ, ಖಾಲಿ ಜಾಗ ಬೇಡ. ಸೂತ್ರದಲ್ಲಿ ತಖ್ತೆಯನ್ನೂ ಸೆಲ್ಲನ್ನೂ ಬೇರ್ಪಡಿಸುವುದೇ ಚುಕ್ಕಿ. ಬಸ್ಸಿನ ಬೋರ್ಡಿನಂತೆ ‘ಕೆ.ಆರ್.ಪೇಟೆ’ ಎಂದಿಡಬೇಡಿ, ‘ಕೃಷ್ಣರಾಜಪೇಟೆ’ ಎಂದಿಡಿ.

ಶೀರ್ಷಿಕೆಯ ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡಬೇಡಿ. ‘ಮೇಲಿನ ತಖ್ತೆ ನೋಡಿ’ ಎಂದೂ ಬರೆಯಬೇಡಿ.

ಅಂಕಿ ತುಂಬಿದ ತಖ್ತೆಯನ್ನು ಕಾಪಿ ಮಾಡಲೇಬೇಡಿ. ಖಾಲಿ ನಮೂನೆಯನ್ನೇ ಕಾಪಿ ಮಾಡಿ. ಶ್ರೀರಂಗಪಟ್ಟಣದಲ್ಲಿ ನಾಲೆ ನೀರಿನ ಭತ್ತ, ಕಬ್ಬು. ನಾಗಮಂಗಲದಲ್ಲಿ ಬಹುಪಾಲು ಮಳೆ ನಂಬಿದ ರಾಗಿ, ಹುರುಳಿ. ಒಂದು ಸೆಲ್ ಅಳಿಸುವುದು ಮರೆತರೆ ಇಲ್ಲದ ನೀರಾವರಿ ನಾಗಮಂಗಲದ ಲೆಕ್ಕಕ್ಕೆ ಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಅಲ್ಲಿನ ರೈತರ ಪರಿಹಾರದ ಮಾತು ಶುರುವಾಗುವುದು ಇಂಥ ತಖ್ತೆಗಳಿಂದಲೇ.

ನಾಲ್ಕೂ ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಕೂಡಿ ನೋಡದೆ ವರದಿಯನ್ನು ಸಹಿಗೆ ಇಡಬೇಡಿ.